ಸಾಗರದ ಸದ್ಗೃಹಸ್ಥರು: ನಾ. ಡಿಸೋಜ
(ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ದಿವಂಗತ ನಾ. ಡಿಸೋಜರನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ಮೆಟ್ರಿಕ್ ತನಕ ಓದಿದವನು. ಹಗಲೆಲ್ಲ ಮಿಲ್ಲಿನ ಹಾಜರಿ ಪುಸ್ತಕ ಬರೆಯುತ್ತೇನೆ. ಸಂಜೆ ಈ ವಾಚನಾಲಯದ ಬೀರುವಿನ ಬೀಗದ ಕೈ ನನ್ನ ಬಳಿ ಇರುತ್ತದೆ. ಸಾಹಿತ್ಯ ವಿಮರ್ಶೆ ನನ್ನ ಕೆಲಸವಲ್ಲ. ಆದರೆ ಕಾರ್ಯದರ್ಶಿಗಳು ಒಂದು ಮಾತು ಹೇಳಿ ನನ್ನ ಬಾಯಿ ಕಟ್ಟಿದರು: “ಡಿಸೋಜರೂ ಗುಮಾಸ್ತರೇ ಆಗಿದ್ದರು. ಗುಮಾಸ್ತರ ವಿಷಯ ಗುಮಾಸ್ತನೇ ಹೇಳಲಿ.” ಆದ್ದರಿಂದ ಪಂಡಿತರು ಹೇಳುವ ಮಾತುಗಳನ್ನು ಪಂಡಿತರಿಗೇ ಬಿಟ್ಟು, ನಮ್ಮಂಥ ಸಂಬಳಗಾರರ ಕಣ್ಣಿಗೆ ಈ ಮಹನೀಯರ ಬಾಳು ಹೇಗೆ ಕಾಣುತ್ತದೆಂಬುದನ್ನಷ್ಟೇ ಹೇಳುತ್ತೇನೆ.

ಅವರ ಪೂರ್ಣ ಹೆಸರು ನಾರ್ಬರ್ಟ್ ಡಿಸೋಜ. ಹುಟ್ಟಿದ್ದು 1937ನೆಯ ಇಸವಿ ಜೂನ್ 6ರಂದು, ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ತೀರಿಕೊಂಡದ್ದು 2025ನೆಯ ಇಸವಿ ಜನವರಿ 5ರಂದು, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ. ಎಂಬತ್ತೇಳು ವರ್ಷ ತುಂಬಿ ಮುಂದೆ ನಡೆದಿದ್ದ ಬಾಳು. ಆ ಹೆಸರಿನ ವಿಷಯದಲ್ಲಿ ಒಂದು ಸಣ್ಣ ಸಂಗತಿ ಇದೆ. ಕಥೋಲಿಕರ ಪಂಚಾಂಗದಲ್ಲಿ ವರ್ಷದ ಒಂದೊಂದು ದಿನಕ್ಕೆ ಒಬ್ಬೊಬ್ಬ ಸಂತರ ಹಬ್ಬ. ಜೂನ್ 6 ಸಂತ ನಾರ್ಬರ್ಟರ ದಿನ. ಹುಟ್ಟಿದ ದಿನದ ಸಂತರ ಹೆಸರನ್ನು ಮಗುವಿಗೆ ಇಡುವುದು ಅವರಲ್ಲಿ ಹಳೆಯ ವಾಡಿಕೆ. ನಮ್ಮಲ್ಲಿ ರಾಮನವಮಿಯ ದಿನ ಹುಟ್ಟಿದ ಹುಡುಗನಿಗೆ ರಾಮನೆಂದು ಹೆಸರಿಡುವುದಿಲ್ಲವೇ, ಹಾಗೆ. ಆ ಸಂತನ ಹೆಸರೇ ಕನ್ನಡದ ಓದುಗರ ಬಾಯಲ್ಲಿ ‘ನಾ.’ ಎಂಬ ಒಂದಕ್ಷರವಾಗಿ ಮನೆಮಾತಾಯಿತು.

ತಂದೆ ಶಾಲಾ ಮಾಸ್ತರರು. ಅಂದಿನ ಮಾಸ್ತರರ ಸಂಬಳವೆಷ್ಟು, ಮನೆ ನಡೆಯುತ್ತಿದ್ದುದು ಹೇಗೆ ಎಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಮನೆಯ ಮಾತು ಕೊಂಕಣಿ, ಊರಿನ ಮಾತು ಕನ್ನಡ. ಸಾಗರವೆಂದರೆ ಮಲೆನಾಡಿನ ಸೀಮೆ: ಹತ್ತಿರದಲ್ಲೇ ಕೆಳದಿ ಇಕ್ಕೇರಿಗಳ ಹಳೆಯ ದೇವಾಲಯಗಳು, ಪೇಟೆಯಲ್ಲಿ ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು, ಸುತ್ತ ಅಡಿಕೆ ತೋಟ, ಗದ್ದೆ, ಕಾಡು, ಒಂದಿಷ್ಟು ದೂರ ಹೋದರೆ ಶರಾವತಿ ಧುಮುಕುವ ಜೋಗ. ಕೊಂಕಣಿ ಮಾತನಾಡುವ ಕಥೋಲಿಕರು ಗೋವೆಯಿಂದ ಕರಾವಳಿಗೆ, ಕರಾವಳಿಯಿಂದ ಘಟ್ಟ ಹತ್ತಿ ಮಲೆನಾಡಿಗೆ ಬಂದವರು. ಅವರೂ ನಮ್ಮ ಹಾಗೆ ಹೊಟ್ಟೆಪಾಡಿಗಾಗಿ ಊರು ಬಿಟ್ಟವರೇ. ಹೋದಲ್ಲೆಲ್ಲ ಹತ್ತು ಮನೆ ಸೇರಿದವೆಂದರೆ ಒಂದು ಇಗರ್ಜಿ ಕಟ್ಟಿಕೊಂಡರು. ಸಾಲದೆ ಬಂದರೆ ತಡಿಕೆಯದು, ನಾಲ್ಕು ಕಾಸು ಕೂಡಿದರೆ ಹೆಂಚಿನದು.

ಆ ಮನೆಗಳ ನಡವಳಿಕೆಯನ್ನು ನಮ್ಮಲ್ಲಿ ಅನೇಕರು ಹತ್ತಿರದಿಂದ ಕಂಡಿಲ್ಲವಾದ್ದರಿಂದ ಎರಡು ಮಾತು ಹೇಳುವುದು ಒಳ್ಳೆಯದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಮಂದಿಯೆಲ್ಲ ಶಿಲುಬೆಯ ಮುಂದೆ ಸೇರಿ ಜಪಸರ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಅದಕ್ಕೆ ಕೊಂಕಣಿಯಲ್ಲಿ ‘ತೇರ್ಸ್’ ಎನ್ನುತ್ತಾರೆ. ಅದು ಮುಗಿದ ಮೇಲೆ ಚಿಕ್ಕವರು ಹಿರಿಯರೆದುರು ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳಬೇಕು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಹುಟ್ಟಿದ ಹಬ್ಬ. ಅದನ್ನು ‘ಮೊಂತಿ ಫೆಸ್ತ್’ ಎನ್ನುತ್ತಾರೆ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಮಂತ್ರಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರಿಂದ ಹಿಡಿದು ಕೂಸಿನವರೆಗೆ ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆಯೇ ಊಟ. ಆ ದಿನದ ಊಟದಲ್ಲಿ ಮಾಂಸವಿಲ್ಲ, ತರಕಾರಿಯದೇ ಅಡಿಗೆ. ನಮ್ಮ ಕಡೆ ಹೊಸ ಬೆಳೆ ಬಂದಾಗ ದೇವರಿಗಿಟ್ಟು ಉಣ್ಣುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಂಥ ಮನೆತನದ ನಂಬಿಕೆಯಲ್ಲಿ ಹುಟ್ಟಿ, ಅದನ್ನು ಕೊನೆಯತನಕ ತನ್ನದೆಂದು ಇಟ್ಟುಕೊಂಡು ಬಾಳಿದವರು ಡಿಸೋಜರು.

ಸಾಗರದಲ್ಲಿ ಶಾಲೆ ಮುಗಿಸಿ ಶಿವಮೊಗ್ಗೆಯ ಕಾಲೇಜಿಗೆ ಹೋದರು. ಅಲ್ಲಿ ಕವಿ ಜಿ. ಎಸ್. ಶಿವರುದ್ರಪ್ಪನವರು ಗುರುಗಳಾಗಿ ದೊರೆತದ್ದು ಅವರ ಭಾಗ್ಯ. ಆದರೆ ಸಂಸಾರಕ್ಕೆ ಆಧಾರ ಬೇಕು. ಬೆರಳಚ್ಚು ಕಲಿತು 1959ರಲ್ಲಿ ಶರಾವತಿ ಯೋಜನೆಯ ಕಛೇರಿಯಲ್ಲಿ ಬೆರಳಚ್ಚುಗಾರರಾಗಿ ಸೇರಿದರು. ಕಾರ್ಗಲ್, ಮಾಸ್ತಿಕಟ್ಟೆ, ತೀರ್ಥಹಳ್ಳಿ, ಕೊನೆಗೆ ಸಾಗರ — ಹೀಗೆ ವರ್ಗವಾದಲ್ಲಿಗೆ ಹೋಗಿ ಮೂವತ್ತೈದು ವರ್ಷಕ್ಕೂ ಮೀರಿ ಸರ್ಕಾರಿ ಗುಮಾಸ್ತಿಕೆ ಮಾಡಿ ನಿವೃತ್ತರಾದರು. ದೊಡ್ಡ ಅಧಿಕಾರಿಯಾಗಲಿಲ್ಲ, ಪ್ರಾಧ್ಯಾಪಕರಾಗಲಿಲ್ಲ, ಪತ್ರಿಕೆಯ ಸಂಪಾದಕರೂ ಆಗಲಿಲ್ಲ. ಬೆಳಿಗ್ಗೆ ಕಛೇರಿ, ಸಂಜೆ ಮನೆ. ತಿಂಗಳ ಕೊನೆಗೆ ಸಂಬಳ. ನಮಗೂ ಅವರಿಗೂ ಇದರಲ್ಲಿ ಭೇದವಿಲ್ಲ.

ಆದರೆ ಅವರು ಕೂತಿದ್ದ ಕಛೇರಿ ಎಂಥದು? ಅದನ್ನು ಸ್ವಲ್ಪ ವಿವರಿಸಬೇಕು.

ಶರಾವತಿ ನದಿ ತೀರ್ಥಹಳ್ಳಿಯ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಎಂಟುನೂರು ಅಡಿಗೂ ಹೆಚ್ಚು ಆಳಕ್ಕೆ ಬಿದ್ದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಆ ನೀರಿನಿಂದ ವಿದ್ಯುತ್ತು ತೆಗೆಯಲು ಮೊದಲು 1940ರ ದಶಕದಲ್ಲಿ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಕಟ್ಟಿದರು. ಅದು ಸಾಲದೆ ಕೆಳಗಡೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದನ್ನು ಕಟ್ಟಿದರು. ಅದು 1964ರಲ್ಲಿ ಮುಗಿಯಿತು. ಸುಮಾರು ಎರಡೂ ಮುಕ್ಕಾಲು ಕಿಲೋಮೀಟರು ಉದ್ದದ ಕಟ್ಟೆ. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ. ನೂರೈವತ್ತು ಟಿ.ಎಂ.ಸಿ.ಗೂ ಹೆಚ್ಚು ನೀರು ಅಲ್ಲಿ ನಿಲ್ಲುತ್ತದೆ. ಮೊದಲು ಕಟ್ಟಿದ ಹಿರೇಭಾಸ್ಕರದ ಕಟ್ಟೆಯೇ ಆ ನೀರಿನಲ್ಲಿ ಮುಳುಗಿಹೋಯಿತು. ಮಳೆ ಕೈಕೊಟ್ಟು ಜಲಾಶಯ ಬತ್ತಿದ ವರ್ಷ ಅದು ಮತ್ತೆ ತಲೆಯೆತ್ತುತ್ತದೆ. ಜನ ಜಾತ್ರೆಗೆ ಹೋದ ಹಾಗೆ ಹೋಗಿ ನೋಡಿ ಬರುತ್ತಾರೆ.

ಈ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ತಿರುಗಿ ಒಟ್ಟು 1035 ಮೆಗಾವಾಟ್ ಶಕ್ತಿ ಬರುತ್ತದೆ. ಮೈಸೂರು ರಾಜ್ಯದ ಎಷ್ಟೋ ಗಿರಣಿ, ಕಾರ್ಖಾನೆಗಳು ನಡೆದದ್ದು ಈ ಬಲದಿಂದ. ಗಿರಣಿಯ ಅನ್ನ ಉಣ್ಣುವ ನಾನು ಇದನ್ನು ಹಗುರವಾಗಿ ಆಡಲಾರೆ. ಆದರೆ ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಿನಡಿಗೆ ಹೋಯಿತೆಂಬುದೂ ಅಷ್ಟೇ ನಿಜ. ಅದರಲ್ಲಿ ಗದ್ದೆ ಇತ್ತು, ತೋಟ ಇತ್ತು, ಮನೆ ಇತ್ತು, ದೇವಸ್ಥಾನ ಇತ್ತು, ಸತ್ತವರನ್ನು ಮಣ್ಣುಮಾಡಿದ ಜಾಗವಿತ್ತು. ಸಾವಿರಾರು ಸಂಸಾರಗಳು ಹಂಡೆ ಚರಿಗೆಗಳನ್ನು ಲಾರಿಗೆ ಹೇರಿಕೊಂಡು, ತಾವು ಕಂಡರಿಯದ ಕಾಡುಗಳಿಗೆ ಹೋದವು.

ಅಣೆಕಟ್ಟು ಮುಗಿದಾಗ ಡಿಸೋಜರಿಗೆ ಇಪ್ಪತ್ತೇಳು ವರ್ಷ. ಯೋಜನೆಯ ಕಛೇರಿಯಲ್ಲಿ ಕೂತ ಬೆರಳಚ್ಚುಗಾರನ ಮುಂದೆ ಯಾವ ಬಗೆಯ ಕಾಗದಗಳು ಬರುತ್ತವೆಂದು ನಾವು ಊಹಿಸಬಹುದು. ಕ್ರಮಸಂಖ್ಯೆ, ಸರ್ವೆ ನಂಬರು, ಎಕರೆ ಗುಂಟೆ, ಮರಗಳ ಲೆಕ್ಕ, ಪರಿಹಾರದ ಮೊತ್ತ, ಷರಾ. ಪ್ರತಿಯೊಂದಕ್ಕೂ ಒಂದೊಂದು ಖಾನೆ. ಗುಮಾಸ್ತರಾದ ನಮಗೆ ಗೊತ್ತು: ಖಾನೆ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ, ಖಾನೆ ಇಲ್ಲದ್ದು ಲೆಕ್ಕದಲ್ಲಿಯೇ ಇಲ್ಲ. ಅಡಿಕೆ ಮರಕ್ಕೆ ಖಾನೆ ಇದೆ. ಆ ಮರ ನೆಟ್ಟ ಅಜ್ಜನಿಗೆ ಖಾನೆ ಇಲ್ಲ. ಬಾವಿಗೆ ಖಾನೆ ಇದೆ. ಆ ಬಾವಿಯ ಕಟ್ಟೆಯ ಮೇಲೆ ನೆರೆಮನೆಯವಳೊಡನೆ ಆಡಿದ ಮಾತಿಗೆ ಖಾನೆ ಎಲ್ಲಿಂದ ಬರಬೇಕು? ಆ ಊರುಗಳು ಬರಿದಾಗುವುದನ್ನು ಡಿಸೋಜರು ಹತ್ತಿರದಿಂದ ಕಂಡರು. ಕಛೇರಿಯ ಖಾನೆಗಳಲ್ಲಿ ಸೇರದೆ ಉಳಿದದ್ದನ್ನೇ ಕಾದಂಬರಿಯಾಗಿ ಬರೆದರು. ನನ್ನ ಅಲ್ಪಮತಿಗೆ ತೋರಿದಂತೆ ಅವರ ಬಾಳಿನ ದೊಡ್ಡ ಕೆಲಸ ಇದೇ.

‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಎಂಬ ಕಾದಂಬರಿಗಳು ಹೀಗೆ ಹುಟ್ಟಿದವು. ಮೂರರಲ್ಲಿ ‘ದ್ವೀಪ’ದ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಓದದವರು ಓದಲಿ ಎಂಬ ಆಸೆಯಿಂದ, ಪೂರ್ತಿ ಹೇಳುವುದಿಲ್ಲ.

ಹೊಸಮನೆಹಳ್ಳಿ ಎಂಬ ಒಂದು ಸಣ್ಣ ಹಳ್ಳಿ. ಪಕ್ಕದಲ್ಲಿ ಸೀತಾಪರ್ವತವೆಂಬ ಗುಡ್ಡ. ಗಣಪಯ್ಯ, ಅವನ ಹೆಂಡತಿ ನಾಗವೇಣಿ, ಮುದುಕ ದುಗ್ಗಜ್ಜ. ಅಣೆಕಟ್ಟಿನ ನೀರು ಏರುತ್ತಿದೆ. ಪರಿಹಾರ ದೊರೆತವರು ಒಬ್ಬೊಬ್ಬರಾಗಿ ಗಂಟು ಕಟ್ಟಿ ಹೋಗುತ್ತಾರೆ. ಈ ಮನೆಯವರಿಗೆ ಮಾತ್ರ ಹೋಗುವ ದಾರಿ ಸರಿಯಾಗುವುದಿಲ್ಲ. ಮಳೆಗಾಲ ಬರುತ್ತದೆ. ನೀರು ನಾಲ್ಕೂ ಕಡೆಯಿಂದ ಸುತ್ತುವರಿದು ಗುಡ್ಡ ದ್ವೀಪವಾಗುತ್ತದೆ. ಹೊರಗಿನ ಮುಳುಗಡೆ ಒಂದು. ಅದರ ಜೊತೆಗೆ ಮನೆಯೊಳಗೂ ಒಂದು ಮುಳುಗಡೆ ಶುರುವಾಗುತ್ತದೆ: ಕೆಲಸಕ್ಕೆ ನೆರವಾಗಲು ನಾಗವೇಣಿಯ ತವರಿನ ಕಡೆಯ ಯುವಕನೊಬ್ಬ ಬರುತ್ತಾನೆ, ಗಂಡನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ. ನೀರಿನ ಮಟ್ಟ ಏರಿದ ಹಾಗೆ ಸಂಶಯದ ಮಟ್ಟವೂ ಏರುತ್ತದೆ. ಇಷ್ಟೇ ಜನ, ಇಷ್ಟೇ ಜಾಗ. ಆದರೆ ಓದಿ ಮುಗಿಸಿದವನಿಗೆ, ಒಂದು ಊರು ಮುಳುಗುವುದೆಂದರೆ ನೆಲ ಹೋಗುವುದು ಮಾತ್ರವಲ್ಲ, ಮನುಷ್ಯರ ನಡುವಿನ ನಂಬಿಕೆಯ ಬುಡಕ್ಕೂ ನೀರು ಬರುತ್ತದೆಂಬುದು ತಿಳಿಯುತ್ತದೆ.

ಈ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರ ಮಾಡಿದರು. ನಟಿ ಸೌಂದರ್ಯ ಅವರೇ ಅದನ್ನು ನಿರ್ಮಿಸಿ, ನಾಗಿಯ ಪಾತ್ರವನ್ನೂ ವಹಿಸಿದರು. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ನಮ್ಮ ಹೈದರಾಬಾದಿನ ಮಂದಿ ಸೌಂದರ್ಯರನ್ನು ತೆಲುಗಿನ ತಾರೆಯೆಂದೇ ಬಲ್ಲರು. ಆ ತಾಯಿ ಕನ್ನಡದವರು, ಒಬ್ಬ ಕನ್ನಡ ಗುಮಾಸ್ತರ ಕಥೆಗೆ ತಮ್ಮ ಹಣ ಹಾಕಿದರೆಂಬುದನ್ನು ನಿಮ್ಮ ತೆಲುಗು ಗೆಳೆಯರಿಗೆ ಹೇಳಿ. ಅದಕ್ಕೂ ಮೊದಲು ಸುರೇಶ ಹೆಬ್ಳೀಕರರು ಡಿಸೋಜರ ‘ಕಾಡಿನ ಬೆಂಕಿ’ಯನ್ನು ಚಿತ್ರ ಮಾಡಿದ್ದರು, ಅದಕ್ಕೂ ರಾಷ್ಟ್ರಪ್ರಶಸ್ತಿ ಬಂದಿತ್ತು.

ಮಹನೀಯರೇ, ಸಾಗರದ ಮುಳುಗಡೆಯ ಮಾತು ಹೈದರಾಬಾದಿನಲ್ಲಿ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಹಾಜರಿ ಪುಸ್ತಕವನ್ನೇ ನೋಡಿ. ನಮ್ಮಲ್ಲಿ ಬಾಗಲಕೋಟೆಯ ಕಡೆಯವರಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಅವರ ಹಳೆಯ ಪೇಟೆಯ ಓಣಿಗಳು ಮುಳುಗಿ, ಊರು ನವನಗರಕ್ಕೆ ಹೋಯಿತು. ನಾರಾಯಣಪುರದ ಹಿನ್ನೀರಿಗೆ ಹೊಲ ಕೊಟ್ಟವರಿದ್ದಾರೆ. ಬೀದರ ಜಿಲ್ಲೆಯ ಕಾರಂಜಾ ಯೋಜನೆಯಲ್ಲಿ ಭೂಮಿ ಕಳೆದುಕೊಂಡ ಮನೆತನದವರಿದ್ದಾರೆ. ನಮ್ಮ ಜೊತೆ ಗೋಡೆ ಕಟ್ಟುವ, ಮೂಟೆ ಹೊರುವ ಪಾಲಮೂರಿನ ತೆಲುಗು ಅಣ್ಣಂದಿರಲ್ಲಿ ಶ್ರೀಶೈಲದ ಜಲಾಶಯಕ್ಕೆ ಊರು ಬಿಟ್ಟುಬಂದವರ ಮಕ್ಕಳಿದ್ದಾರೆ. ಅತ್ತ 1955ರಲ್ಲಿ ಶುರುವಾಗಿ 1967ರಲ್ಲಿ ಮುಗಿದ ನಾಗಾರ್ಜುನಸಾಗರದ ಅಡಿಯಲ್ಲಿ ಹಳೆಯ ಬೌದ್ಧ ಕ್ಷೇತ್ರವೇ ಇದೆ. ಅಲ್ಲಿನ ಶಿಲ್ಪಗಳನ್ನು ಎತ್ತಿ ಗುಡ್ಡದ ತುದಿಗೆ ಸಾಗಿಸಿದರು, ಆ ಗುಡ್ಡ ಇಂದು ದ್ವೀಪ. ಇಂದು ಈ ಪಟ್ಟಣದ ನಲ್ಲಿಗಳಲ್ಲಿ ಬರುವ ಕೃಷ್ಣೆಯ ನೀರು ಆ ಕಡೆಯಿಂದಲೇ ಬರುತ್ತದೆ. ಕೊಡ ತುಂಬಿಸುವಾಗ, ಈ ನೀರಿಗೆ ಯಾರೋ ಜಾಗ ಬಿಟ್ಟುಕೊಟ್ಟಿದ್ದಾರೆಂದು ನೆನೆಸಿಕೊಳ್ಳಲು ಡಿಸೋಜರ ಪುಸ್ತಕ ನನಗೆ ಕಲಿಸಿತು.

ಇನ್ನೊಂದು ವಿಷಯ. ಅವರ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದ ದಿನ, ನಮ್ಮ ಓದುಗರಲ್ಲಿ ಒಬ್ಬರು ಹೊದಿಕೆಯ ಮೇಲಿನ ಹೆಸರು ನೋಡಿ, “ಇವರು ನಮ್ಮವರೇನಪ್ಪಾ?” ಎಂದು ಕೇಳಿದರು. ಕೆಟ್ಟ ಬುದ್ಧಿಯಿಂದ ಕೇಳಿದ ಪ್ರಶ್ನೆಯಲ್ಲ ಅದು, ತಿಳಿಯದೆ ಕೇಳಿದ್ದು. ನಾನು ‘ದ್ವೀಪ’ವನ್ನೇ ಅವರ ಕೈಗೆ ಕೊಟ್ಟೆ. ವಾರದ ಮೇಲೆ ತಂದು ಹಿಂದಿರುಗಿಸುವಾಗ ಅವರು ಕೇಳಿದ್ದು ಬೇರೆ ಮಾತು: “ಅವರದು ಇನ್ನೊಂದು ಇದ್ದರೆ ಕೊಡು.”

ಆ ಪ್ರಶ್ನೆಗೆ ಉತ್ತರವನ್ನು ಅವರ ಬರಹದಲ್ಲೇ ಕಾಣಬಹುದು. ಇಗರ್ಜಿಗೆ ಹೋಗುವ ಮನೆಯವರು ಸೀತಾಪರ್ವತದ ಮಗ್ಗುಲಿನ ಗಣಪಯ್ಯನ ಮನೆಯ ಒಲೆ, ಜಗಲಿ, ದೇವರ ಮೂಲೆಗಳನ್ನು ಒಳಮನೆಯವರ ಹಾಗೆ ಬರೆದರು. ತಮ್ಮ ಜನರನ್ನೂ ಮರೆಯಲಿಲ್ಲ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ಮಲೆನಾಡಿನ ಕ್ರೈಸ್ತರ ಬದುಕನ್ನು ಕನ್ನಡದ ಓದುಗರ ಮುಂದೆ ಇಟ್ಟರು. ತನ್ನ ದೇವರ ಮೇಲೆ ಭಕ್ತಿಯುಳ್ಳವನಿಗೆ ನೆರೆಯವನ ದೇವರ ಮೂಲೆ ಎಂದೂ ಪರಕೀಯವಾಗಿ ಕಾಣುವುದಿಲ್ಲ. ಭಕ್ತಿ ಕಡಿಮೆಯಾಗಿ ಬರಿಯ ಹೆಸರು ಉಳಿದವರಿಗೇ ಜಗಳ ಹೆಚ್ಚು.

ಭಾಷೆಯ ವಿಷಯದಲ್ಲಿಯೂ ಅವರಿಂದ ನಾವು ಕಲಿಯಬೇಕಾದ್ದಿದೆ. ಕೊಂಕಣಿ ಅವರ ತಾಯ್ನುಡಿ. ಪ್ರಾರ್ಥನೆಯ ನುಡಿ, ಮನೆಯ ನುಡಿ. ಅದನ್ನು ಬಿಡಲಿಲ್ಲ. ಬಾಳು ನಡೆದದ್ದು ಕನ್ನಡದ ನೆಲದಲ್ಲಿ. ಆದ್ದರಿಂದ ಕನ್ನಡವನ್ನು ಬಾಡಿಗೆ ಮನೆಯಂತೆ ಕಾಣದೆ ಸ್ವಂತ ಮನೆಯಂತೆ ಕಟ್ಟಿ ಬೆಳಸಿದರು. ಇತ್ತ ನಮ್ಮ ಸ್ಥಿತಿ ತಿರುವುಮುರುವು. ನಮ್ಮ ಮನೆಯ ನುಡಿ ಕನ್ನಡ. ಬೀದಿಯ ನುಡಿ ತೆಲುಗು ಮತ್ತು ದಖ್ಖನಿ. ನಮ್ಮಲ್ಲಿ ಕೆಲವರು ಮಕ್ಕಳಿಗೆ ಕನ್ನಡ ಬೇಡವೆನ್ನುತ್ತಾರೆ. ಇನ್ನು ಕೆಲವರು ಇಪ್ಪತ್ತು ವರ್ಷ ಇಲ್ಲಿದ್ದೂ ತೆಲುಗಿನ ಅಕ್ಷರ ಕಲಿಯುವುದಿಲ್ಲ. ಎರಡೂ ಸರಿಯಲ್ಲ. ಮನೆಯ ದೀಪವೂ ಇರಲಿ, ನಿಂತ ಊರಿನ ಋಣವೂ ತೀರಲಿ. ಅದು ಆಗಬಹುದಾದ ಕೆಲಸವೆಂದು ಒಬ್ಬ ಗುಮಾಸ್ತರು ತಮ್ಮ ಬಾಳಿನಿಂದಲೇ ತೋರಿಸಿದ್ದಾರೆ.

ಅವರನ್ನು ಸದ್ಗೃಹಸ್ಥರೆಂದು ನಾನು ಕರೆದದ್ದು ಬರಿಯ ಉಪಚಾರಕ್ಕಲ್ಲ. ಬರೆಯುವವರೆಂದರೆ ಮನೆ ಮಠ ಬಿಟ್ಟವರು, ಹೊತ್ತುಗೊತ್ತಿಲ್ಲದವರು ಎಂಬ ಭಾವನೆ ನಮ್ಮಲ್ಲಿ ಇದೆ. ಹೆಂಡತಿ ಮಕ್ಕಳೊಡನೆ ಸಂಸಾರ ಮಾಡುತ್ತ, ಕಛೇರಿಯ ಹೊತ್ತು ತಪ್ಪಿಸದೆ, ಉಳಿದ ಹೊತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನೂ, ಅನೇಕ ಸಣ್ಣಕಥೆಗಳನ್ನೂ, ನಾಟಕಗಳನ್ನೂ, ಮಕ್ಕಳ ಪುಸ್ತಕಗಳನ್ನೂ ಬರೆಯುವುದು ಎಂಥ ಶಿಸ್ತಿನ ಕೆಲಸವೆಂದು ಯೋಚಿಸಿ. ದಿನಕ್ಕೆ ಎರಡು ಪುಟದಂತೆ ವರ್ಷದಲ್ಲಿ ಇನ್ನೂರು ದಿನ ಬರೆದರೆ ನಾನೂರು ಪುಟವಾಗುತ್ತದೆ. ಲೆಕ್ಕ ಸುಲಭ, ಆ ಎರಡು ಪುಟಕ್ಕೆ ದಿನದಿನವೂ ಕೂರುವುದು ಕಷ್ಟ. ಕಛೇರಿಯಿಂದ ದಣಿದು ಬಂದವನಿಗೆ ಒಂದು ಚಾಪೆ ಸಾಕೆನಿಸುತ್ತದೆ. ಆ ಚಾಪೆಯನ್ನು ಬಿಟ್ಟು ಕಾಗದದ ಮುಂದೆ ಕೂರುವವನ ಹಿಂದೆ, ದೀಪ ಆರಿಸೆಂದು ಹೇಳದ ಒಂದು ಮನೆಯೂ ಇರಬೇಕು. ಆದ್ದರಿಂದ ಅವರ ಪುಸ್ತಕಗಳ ಪುಣ್ಯದಲ್ಲಿ ಅವರ ಶ್ರೀಮತಿಯವರಿಗೂ ಮಕ್ಕಳಿಗೂ ಪಾಲು ಸಲ್ಲುತ್ತದೆ.

ಮಕ್ಕಳಿಗಾಗಿ ಬರೆಯುವುದನ್ನು ಅವರು ಕೀಳೆಂದು ಎಣಿಸಲಿಲ್ಲ. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಅವರ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮುಳುಗಿದ ಊರಿನ ಸುದ್ದಿ ದೊಡ್ಡವರೊಂದಿಗೇ ಮುಗಿಯಬಾರದು, ಮಕ್ಕಳಿಗೂ ದಾಟಬೇಕೆಂದು ಅವರು ಬಗೆದಿರಬೇಕು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿವೃತ್ತ ಗುಮಾಸ್ತರನ್ನು, ಕೊಂಕಣಿ ಮನೆಮಾತಿನ ಕಥೋಲಿಕರನ್ನು, ಕನ್ನಡನಾಡು ತನ್ನ ಅತ್ಯುನ್ನತ ಪೀಠದಲ್ಲಿ ಕೂರಿಸಿ ಮೆರವಣಿಗೆ ಮಾಡಿತು. “ಇವರು ನಮ್ಮವರೇ?” ಎಂಬ ಪ್ರಶ್ನೆಗೆ ನಾಡು ಕೊಟ್ಟ ಉತ್ತರ ಅದು.

ಗೌರವ ಬಂದ ಮೇಲೆ ಶಾಲು ಹೊದ್ದು ಮನೆಯಲ್ಲಿ ಕೂರಲಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ನೂರಾರು ಕಿಲೋಮೀಟರು ದೂರದ ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಮಲೆನಾಡಿನ ಜನ ಎದ್ದರು. ಆ ಚಳವಳಿಯ ಮುಂದೆ ನಿಂತವರಲ್ಲಿ ಡಿಸೋಜರೂ ಒಬ್ಬರು. ಆಗ ಅವರಿಗೆ ಎಂಬತ್ತೆರಡು ವರ್ಷ. ನಮ್ಮಲ್ಲಿ ನಲವತ್ತಕ್ಕೇ “ನಮಗೇಕೆ ಊರ ಉಸಾಬರಿ” ಎನ್ನುವವರು ಇದನ್ನು ಮನಸ್ಸಿನಲ್ಲಿಡಬೇಕು. ಒಮ್ಮೆ ಬೆಳಕಿಗಾಗಿ ಊರನ್ನು ಕೊಟ್ಟ ಜನರ ಹತ್ತಿರ, ಈಗ ಬಾಯಾರಿಕೆಗಾಗಿ ನದಿಯನ್ನೂ ಕೇಳುತ್ತಿದ್ದಾರೆಂದಾಗ ಅವರು ಸುಮ್ಮನಿರಲಾರದಾದರು.

ಅವರು ಕಣ್ಣುಮುಚ್ಚಿದ ದಿನ ಭಾನುವಾರ. ನಮ್ಮ ದೇಶದ ಕಥೋಲಿಕರು ಆ ಭಾನುವಾರ ಮೂರು ರಾಯರ ಹಬ್ಬ ಆಚರಿಸಿದ್ದರು. ದೂರದ ಅರಸರು ನಕ್ಷತ್ರ ನೋಡಿಕೊಂಡು ನಡೆದು ಬಂದು ಕೂಸಿಗೆ ಕಾಣಿಕೆಯಿತ್ತ ದಿನವದು. ಹುಟ್ಟಿದ ಊರಾದ ಸಾಗರಕ್ಕೆ ಅವರ ದೇಹವನ್ನು ತಂದರು, ಅಲ್ಲಿಯೇ ಮಣ್ಣಾಯಿತು.

ಅದೇ ವರ್ಷ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದೊಡ್ಡ ಸೇತುವೆ ತೆರೆಯಿತು. ಸಿಗಂದೂರು ಚೌಡೇಶ್ವರಿಗೆ ಹೋಗಿಬಂದವರಿಗೆ ಆ ಜಾಗ ಗೊತ್ತು. 1960ರ ದಶಕದಲ್ಲಿ ನೀರು ನಿಂತಂದಿನಿಂದ ಆಚೆಯ ದಡದ ಹಳ್ಳಿಗಳವರಿಗೆ ಪೇಟೆಗೆ ಬರಲು ಲಾಂಚೇ ಗತಿಯಾಗಿತ್ತು. ಗರ್ಭಿಣಿಯಾಗಲಿ, ಹಾವು ಕಡಿದವನಾಗಲಿ, ದಡದಲ್ಲಿ ಕಾಯಬೇಕು. ಆರು ದಶಕದ ಮೇಲೆ ಆ ದ್ವೀಪಕ್ಕೆ ದಾರಿಯಾಯಿತು. ಕಾದಂಬರಿ ಬರೆದವರು ಅದನ್ನು ನೋಡಲು ಆರು ತಿಂಗಳ ಮಟ್ಟಿಗೆ ಉಳಿಯಲಿಲ್ಲ. ಸೇತುವೆ ಬಂದರೂ ಮುಳುಗಡೆಯವರ ಪಾಡು ಮುಗಿದಿಲ್ಲ. ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಕಛೇರಿಗಳ ಮೆಟ್ಟಿಲು ಹತ್ತಿಳಿಯುತ್ತಿರುವ ಸಂಸಾರಗಳು ಮಲೆನಾಡಿನಲ್ಲಿ ಇನ್ನೂ ಇವೆ. ಅಜ್ಜ ಕೊಟ್ಟ ಅರ್ಜಿಯ ನಕಲನ್ನು ಮೊಮ್ಮಗ ಹಿಡಿದು ನಿಂತಿರುತ್ತಾನೆ. ಮೇಜಿನ ಈಚೆ ಕೂತ ಗುಮಾಸ್ತ ಆ ಕಾಗದವನ್ನು ಹೇಗೆ ತೆಗೆದುಕೊಳ್ಳುತ್ತಾನೆಂಬುದರ ಮೇಲೆ ಅವನ ಆ ದಿನ ನಿಂತಿರುತ್ತದೆ.

ಗುಮಾಸ್ತ ಬಂಧುಗಳೇ, ಈ ಮಾತನ್ನು ನಿಮಗಾಗಿಯೇ ಹೇಳುತ್ತಿದ್ದೇನೆ. ನಮ್ಮ ಕೈಯಲ್ಲಿ ಅಧಿಕಾರವಿಲ್ಲ, ನಿಜ. ಸಹಿ ಮೇಲಿನವರದು. ಆದರೆ ಬಂದವನ ಹೆಸರನ್ನು ಸರಿಯಾಗಿ ಬರೆಯುವುದು, ಅವನ ಮಾತನ್ನು ಅರ್ಧಕ್ಕೆ ತಡೆಯದಿರುವುದು, ನಾಳೆ ಬಾ ಎಂದು ಸುಮ್ಮನೆ ಅಲೆಸದಿರುವುದು ನಮ್ಮ ಕೈಯಲ್ಲಿದೆ. ಹಾಜರಿ ಪುಸ್ತಕದಲ್ಲಿ ನಾನು ಹಾಕುವ ಒಂದು ಗೈರುಹಾಜರಿಯ ಗುರುತಿನ ಹಿಂದೆ ಒಬ್ಬನ ಮನೆಯ ಜ್ವರವೋ, ಮಗಳ ಹೆರಿಗೆಯೋ ಇರುತ್ತದೆ. ಡಿಸೋಜರನ್ನು ಓದಿದ ಮೇಲೆ ಆ ಗುರುತು ಹಾಕುವ ಮೊದಲು ಒಂದು ಸಲ ಕೇಳುವ ಅಭ್ಯಾಸ ನನಗಾಗಿದೆ.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಸಂಘದವರು ಈ ತಿಂಗಳು ಮೇಜಿನ ಮೇಲೆ ಇನ್ನೂರು ಪುಟದ ಒಂದು ದಪ್ಪ ನೋಟುಪುಸ್ತಕ ಇಟ್ಟಿದ್ದಾರೆ. ಅದರಲ್ಲಿ ಖಾನೆಗಳಿಲ್ಲ, ಬರಿಯ ಗೆರೆಗಳಿವೆ. ನಿಮ್ಮ ನಿಮ್ಮ ಊರಿನ ವಿಷಯ ಒಬ್ಬೊಬ್ಬರು ಒಂದೊಂದು ಪುಟ ಬರೆಯಿರಿ. ಹೊಳೆಯ ಹೆಸರು, ಬಾವಿಯ ಹೆಸರು, ಜಾ��್ರೆ ಎಂದು ನಡೆಯುತ್ತಿತ್ತು, ಊರು ಬಿಟ್ಟದ್ದು ಯಾವ ವರ್ಷ, ಏಕೆ — ಇಷ್ಟಾದರೂ ಸಾಕು. ಅಕ್ಷರ ಬಾರದವರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಪ್ರತಿ ಭಾನುವಾರ ಐದು ಗಂಟೆಯಿಂದ ಏಳರವರೆಗೆ ಇಲ್ಲಿಯೇ ಇರುತ್ತೇನೆ. ನಾವು ಕಾದಂಬರಿಕಾರರಾಗಬೇಕಾಗಿಲ್ಲ. ನಮ್ಮ ಮಕ್ಕಳು ಮುಂದೆ ಯಾವಾಗಲಾದರೂ “ನಮ್ಮ ಊರು ಯಾವುದು?” ಎಂದು ಕೇಳಿದರೆ ತೋರಿಸಲು ಒಂದು ಪುಟವಿರಲಿ.

‘ದ್ವೀಪ’ದ ಎರಡು ಪ್ರತಿಗಳು ಬೀರುವಿನ ಎರಡನೆಯ ಹಲಗೆಯಲ್ಲಿವೆ. ಒಬ್ಬರಿಗೆ ಒಂದು ವಾರ ಮಾತ್ರ. ಕಾಯುವವರು ಬಹಳ ಮಂದಿ ಇದ್ದಾರೆ. ಮಕ್ಕಳ ಪುಸ್ತಕಗಳು ಕೆಳಗಿನ ಹಲಗೆಯಲ್ಲಿ, ಅವರ ಕೈಗೆ ಎಟುಕುವ ಹಾಗೆ ಇಟ್ಟಿದ್ದೇವೆ.